ಗೆರೆ ಅಲುಗದ ದಿನ

"ಅತ್ತರು ಸ್ವಲ್ಪ ಕಡಿಮೆ ಹಾಕಿಕೊಂಡು ಬನ್ನಿ. ನನ್ನ ಗೆರೆ ತಲೆತಿರುಗಿ ಬೀಳ್ತಿದೆ."

ತಮಾಷೆಗೆ ಅಂದದ್ದು. ಆದರೆ ಬಾಗಿಲಲ್ಲಿ ನಿಂತವಳ ಮುಖ ಕಪ್ಪಿಟ್ಟಿತು.

ಪ್ರಯೋಗಶಾಲೆಯಲ್ಲಿ ಅವಳನ್ನು ಎಲ್ಲರೂ ಅಕ್ಕಸಾಲಿ ಎನ್ನುತ್ತಿದ್ದರು. ಗಾಜಿನ ಚೂರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಚುಕ್ಕಿಗಳನ್ನು ಸಾಲಾಗಿ ಕೂರಿಸುವುದು ಅವಳ ಕೆಲಸ. ಆ ಗಾಜಿಗೆ ಬೆಳಕು ಬಿಟ್ಟು ನೋಡುವ ಇವನಿಗೆ ಗೆರೆರಾಯ ಎಂದು ಹೆಸರಿಟ್ಟಿದ್ದರು. ಬಂದ ಬೆಳಕಿನಲ್ಲಿ ಒಂದೇ ಒಂದು ಬಣ್ಣವನ್ನು ಚಿನ್ನ ನುಂಗಿಕೊಳ್ಳುತ್ತದೆ. ಪರದೆಯ ಮೇಲೆ ಅದು ಸೂಜಿಯಂಥ ಗೆರೆಯಾಗಿ ಇಳಿಯುತ್ತದೆ. ಚಿನ್ನದ ಮೇಲೆ ಏನೇ ಕೂರಲಿ, ಉಸಿರಿನಷ್ಟು ಹಗುರದ್ದಾದರೂ, ಗೆರೆ ಪಕ್ಕಕ್ಕೆ ಸರಿಯುತ್ತದೆ. ಮುಂದೆ ಒಂದು ಹನಿ ರಕ್ತದಲ್ಲಿ ರೋಗದ ಸುಳಿವು ಹಿಡಿಯಬೇಕಾದ ಯಂತ್ರ ಅದು. ಏನೂ ಇಲ್ಲದಾಗ ಗೆರೆ ಕದಲದೆ ನಿಂತರೆ ಮಾತ್ರ ಆಸ್ಪತ್ರೆಯವರು ಒಪ್ಪುತ್ತಾರೆ.

ನಿಲ್ಲುತ್ತಿರಲಿಲ್ಲ. ಊಟದ ಹೊತ್ತು ಕಳೆದು ಅಕ್ಕಸಾಲಿ ಹೊಸ ಗಾಜು ಹಿಡಿದು ಒಳಗೆ ಬಂದಳೋ, ಗೆರೆ ಮೆಲ್ಲಗೆ ಜಾರುತ್ತಿತ್ತು.

"ಅತ್ತರಲ್ಲ ರೀ," ಅಂದಳು. "ನೋವಿನ ಎಣ್ಣೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮಧ್ಯಾಹ್ನ ಮನೆಗೆ ಓಡಿ ಬೆನ್ನಿಗೆ ತಿಕ್ಕಿ ಬರ್ತೀನಿ. ಎಷ್ಟು ಸೋಪು ಹಾಕಿದರೂ ಘಾಟು ಹೋಗಲ್ಲ."

ಅವನು ನಾಲಿಗೆ ಕಚ್ಚಿಕೊಂಡ.

"ಗೆರೆ ಯಾಕಯ್ಯಾ ಕುಣಿಯುತ್ತೆ?" ಎಂದು ಸಾಹೇಬರು ಕೇಳಿದಾಗಲೆಲ್ಲ "ಹುಡುಕ್ತಾ ಇದ್ದೀನಿ ಸಾರ್" ಎನ್ನುತ್ತಿದ್ದ. ನಿಜ ಹೇಳಿದರೆ ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿಬಿಡುತ್ತಾರೆ. ಬೆಳಗೆಲ್ಲ ಅವನು ಕಾಯುತ್ತಿದ್ದುದೇ ಆ ಜಾರಾಟಕ್ಕೆ. ಬಾಗಿಲಿಗೆ ಬೆನ್ನು ಹಾಕಿ ಕೂತರೂ ಅವಳು ಬಂದದ್ದು ಗೊತ್ತಾಗುತ್ತಿತ್ತು.

"ಇಷ್ಟು ಬಗ್ಗಿ ಕೂತರೆ ಗೂನು ಬೀಳುತ್ತೆ," ಎಂದು ಅವಳು ಛೇಡಿಸುವಳು.

"ಬೀಳಲಿ. ಎಣ್ಣೆ ತಿಕ್ಕೋರು ಇದ್ದಾರಲ್ಲ."

ಅವಳು ಓರೆಗಣ್ಣಿನಲ್ಲಿ ನೋಡಿ, ನಗುವನ್ನು ತುಟಿಯಲ್ಲೇ ಕಚ್ಚಿಹಿಡಿದು ಹೋಗುವಳು.

ಒಂದು ದಿನ ಕೇಳಿಯೇಬಿಟ್ಟ. "ಮದುವೆ ಆಗೋಣವಾ?"

ಅವಳು ಅಂಗೈ ನೋಡಿಕೊಂಡಳು. "ಅಮ್ಮ ಇರೋವರೆಗೂ ಈ ಕೈ ನಂದಲ್ಲ."

"ನನಗೂ ಎರಡು ಕೈ ಇವೆಯಲ್ಲ."

"ಅಮ್ಮ ಇನ್ನೊಬ್ಬರ ಕೈಗೆ ಬೆನ್ನು ಕೊಡಲ್ಲ ರೀ."

"ಹಾಗಾದರೆ ಕಾಯ್ತೀನಿ."

ಅಂದುಬಿಟ್ಟ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಕಾಯುವುದು ಯಾವುದಕ್ಕೆ? ಒಂದು ಮುದಿಜೀವ ಹೋಗುವುದಕ್ಕೆ ತಾನೆ. ಅಂದಿನಿಂದ "ಅಮ್ಮ ಹೇಗಿದ್ದಾರೆ" ಎಂದು ಕೇಳಲೂ ಅವನಿಗೆ ಬಾಯಿ ಬರಲಿಲ್ಲ.

ಆಮೇಲೆ ಅವಳು ರಜೆ ಹಾಕಿದಳು. ಫೋನ್ ಮಾಡಿದರೆ ಎತ್ತಲಿಲ್ಲ. ಗೆರೆ ಮಾತ್ರ ನೆಟ್ಟಗೆ ನಿಂತಿತು. ಸಾಹೇಬರು ಬೆನ್ನು ತಟ್ಟಿದರು, ಜೊತೆಯವರು ಟೀ ಕೊಡಿಸಿದರು. ಅವನ ಲೋಟ ಮೇಜಿನ ಮೇಲೇ ಆರಿತು.

ಮೋಡ ಕವಿದ ಒಂದು ಮಧ್ಯಾಹ್ನ ಪಕ್ಕದಲ್ಲಿ ಯಾರೋ ಗಾಜಿನ ಡಬ್ಬಿ ಇಟ್ಟರು. ತಲೆಯೆತ್ತಿದ. ಅವಳೇ. ಸೊರಗಿ ಕಡ್ಡಿಯಾಗಿದ್ದಳು. ಅವನ ಕಣ್ಣು ಅಭ್ಯಾಸದಂತೆ ಪರದೆಗೆ ಹೋಯಿತು.

ಗೆರೆ ಅಲುಗಲಿಲ್ಲ. ಎಷ್ಟು ಹೊತ್ತು ನೋಡಿದರೂ ಅಲುಗಲಿಲ್ಲ.

"ಯಾವಾಗ?" ಎಂದ, ಪರದೆಯಿಂದ ಕಣ್ಣು ಕೀಳದೆ.

"ಹೋದ ವಾರ. ನಿದ್ದೆಯಲ್ಲೇ." ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ. "ನೀವು ಕೇಳಿದ್ದಕ್ಕೆ ಈಗ ಹೂಂ ಅಂದರೆ, ಅಮ್ಮ ಹೋಗಲಿ ಅಂತ ಇಬ್ಬರೂ ದಾರಿ ಕಾದ ಹಾಗಾಗಲ್ವಾ?"

"ಈಗ ಏನೂ ಅನ್ನಬೇಡಿ."

ಅವಳು ಚೀಲದಿಂದ ಸೀಸೆ ತೆಗೆದಳು. ತಳದಲ್ಲಿ ಒಂದಿಷ್ಟು ಎಣ್ಣೆ. "ಚೆಲ್ಲೋಕೆ ಮನಸ್ಸು ಬರ್ತಿಲ್ಲ. ಇನ್ನು ಯಾರಿಗೆ ತಿಕ್ಕಲಿ?"

ಅವನು ಸೀಸೆ ಇಸಿದುಕೊಂಡು, ಮುಚ್ಚಳ ತೆಗೆದು ಯಂತ್ರದ ಪಕ್ಕ ಇಟ್ಟ. ಹಳೆಯ ಘಾಟು ಹರಡಿತು. ಮಂಚದಿಂದ ಏಳುವ ಮುದುಕಿಯ ಹಾಗೆ, ಗೆರೆ ತಡೆತಡೆದು ಸರಿಯಿತು. ಅವಳು ಬಾಯಿಗೆ ಕೈ ಒತ್ತಿಕೊಂಡಳು.

ಆಚೆ ಕೋಣೆಯಲ್ಲೂ ಅದೇ ಗೆರೆ ತೋರುವ ಪರದೆ ಇತ್ತು. ಅಲ್ಲಿಂದ ಸಾಹೇಬರ ಕೂಗು: "ಅಯ್ಯೋ, ಗೆರೆ ಮತ್ತೆ ಹೋಯ್ತಲ್ಲಯ್ಯಾ! ಯಾರು ಬಂದರು ಒಳಗೆ?"

ಅವನು ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡ. ಒಣಗಿ ಒರಟಾಗಿದ್ದ ಕೈ.

"ನಮ್ಮತ್ತೆ ಸಾರ್," ಅಂದ. "ಸ್ವಲ್ಪ ಹೊತ್ತು ಇದ್ದು ಹೋಗ್ತಾರೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.