ಎರಡು ತಾಸಿನ ಗುಂಡಿ

ಸರ್ಕಾರಿ ಜಾಗದ ಹಳೆಯ ದಿಬ್ಬವನ್ನು ಇನ್ನು ಊರಿನವರೇ ಕಾಯುತ್ತಾರೆ ಎಂದು ಪುರಾತತ್ವ ಇಲಾಖೆಯ ಹೊಸ ಮೇಡಂ ಹೇಳಿದಾಗ ಮೇಸ್ತ್ರಿ ತಲೆಯಾಡಿಸಿದ್ದ. ಇಲಾಖೆಯ ಉತ್ಖನನದಲ್ಲಿ ಮೂವತ್ತು ವರ್ಷ ಅಲ್ಲೇ ಅಗೆದು, ಈಗ ಅಲ್ಲೇ ಕಾವಲಿಗಿದ್ದವನು. ಊರಿನವರಿಗೆ ಎಂಟು ವಾರ ಪಾಠವನ್ನೂ ಮಾಡಿದ: ಮಡಕೆ ಚೂರು ಯಾವುದು, ಬರೀ ಕಲ್ಲು ಯಾವುದು, ಸಿಕ್ಕಿದ್ದನ್ನು ಎತ್ತಬಾರದು ಏಕೆ. ಪಾಠ ಮುಗಿದ ಮೇಲೆ ಪತ್ರ ಬಂತು. ತಿಂಗಳ ಕೊನೆಗೆ ಕೆಲಸವೂ ಇಲ್ಲ, ದಿಬ್ಬದ ಪಕ್ಕದ ಕೋಣೆಯೂ ಇಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದ.

“ಹೋಗ್ಲಿ ಬಿಡಿ, ಮಂಡಿ ಬೇರೆ ಬಗ್ಗಲ್ಲ,” ಎಂದಳು ಹೆಂಡತಿ. ಎಲ್ಲಿಗೆ ಹೋಗುವುದು ಎಂದು ಮಾತ್ರ ಅವಳೂ ಹೇಳಲಿಲ್ಲ.

ಉಪಾಯ ಸರಳ. ಊರಿನವರ ಪಾಳಿಯಲ್ಲೇ ನಿಧಿಗಳ್ಳರು ನುಗ್ಗಿದಂತಾಗಬೇಕು. ಬುಧವಾರ ಅವನಿಗೆ ರಜೆ. ಅಂದು ಬೆಳಗಿನ ಪಾಳಿಯ ದರ್ಜಿ ಅಕ್ಕ ಒಂದು ಗಂಟೆಗೆ ಅಂಗಡಿಗೆ ಓಡುತ್ತಾಳೆ; ನಿವೃತ್ತ ಮೇಷ್ಟ್ರು ಊಟ, ನಿದ್ದೆ ಮುಗಿಸಿ ಬರುವುದು ಮೂರಕ್ಕೆ. ನಡುವಿನ ಎರಡು ತಾಸು ದಿಬ್ಬಕ್ಕೆ ದೇವರೇ ಗತಿ.

ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಮಂಡಿ ನೋವಿಗೆ ಚೀಟಿ ಬರೆಸಿ, ಬೆಂಚಿನ ಮೇಲೆ ಟವಲು ಹಾಕಿ ಹೊರಬಿದ್ದ. ಅಗೆಯುವ ಜಾಗವನ್ನೂ ಯೋಚಿಸಿ ಆರಿಸಿದ್ದ. ಅದು ದಿಬ್ಬದ ಅಂಚು, ಬರೀ ಮಣ್ಣು, ಹಾಳಾಗಲು ಏನೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಗುಜರಿಯಿಂದ ತಂದ ಹಾರೆ, ಸನಿಕೆ. ಕಾಲಿಗೆ ದೊಡ್ಡ ಅಳತೆಯ ಚಪ್ಪಲಿ. ಅಲ್ಲಿ ಇಲ್ಲಿ ನಾಲ್ಕು ಬೀಡಿ ತುಂಡು, ಒಂದು ಖಾಲಿ ಬಾಟಲಿ. ಮಂಡಿ ಕೂಗುತ್ತಿತ್ತು, ಆದರೂ ಮಣ್ಣಿಗೆ ಕೈ ಹಾಕಿದ ಮೇಲೆ, ಎಷ್ಟೋ ದಿನಗಳ ನಂತರ, ಮನಸ್ಸು ಹಗುರಾಯಿತು. ತೊಡೆಯುದ್ದ ಇಳಿದದ್ದೇ ತಿಳಿಯಲಿಲ್ಲ. ಹಾರೆ, ಸನಿಕೆ, ಚಪ್ಪಲಿ ಎಲ್ಲವನ್ನೂ ಕೆರೆಗೆ ಹಾಕಿ, ಕೈಕಾಲು ತೊಳೆದು ಟವಲಿನ ಪಕ್ಕ ಬಂದು ಕೂತಾಗ ಕಂಪೌಂಡರ್ ಅವನ ನಂಬರು ಕೂಗುತ್ತಿದ್ದ.

ಮೇಷ್ಟ್ರು ಗಾಬರಿಯಿಂದ ಫೋನು ಮಾಡಿದರು. ಸಂಜೆಯೊಳಗೆ ಮೇಡಂ ಬಂದರು.

“ಕಾವಲು ಅಂದ್ರೆ ಹುಡುಗಾಟ ಅಲ್ಲ ಮೇಡಂ,” ಎಂದ ಮೇಸ್ತ್ರಿ.

“ನಿಮ್ಮನ್ನ ಕಳಿಸಬಾರದಿತ್ತೇನೋ,” ಎಂದರು ಅವರು, ದಣಿದ ದನಿಯಲ್ಲಿ. ಆ ಒಂದು ಮಾತಿಗೆ ಅವನ ಕಣ್ಣು ತುಂಬಿಬಂತು.

ದರ್ಜಿ ಅಕ್ಕ ಮಾತ್ರ ಗುಂಡಿಯ ಪಕ್ಕದಿಂದ ಏಳಲಿಲ್ಲ. ಕೊರಳಿನ ಟೇಪು ತೆಗೆದು ಒಂದು ಬದಿ ಅಳೆದಳು, ಇನ್ನೊಂದು ಬದಿ ಅಳೆದಳು. ಮೂರನೆಯದಕ್ಕೆ ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ಅಣ್ಣಾ, ಕಳ್ಳರು ಇಷ್ಟು ಚೌಕವಾಗಿ ಅಗೀತಾರಾ?” ಮೇಸ್ತ್ರಿ ಆಗ ಬಗ್ಗಿ ನೋಡಿದ. ನಾಲ್ಕು ಮೂಲೆಯೂ ಕರಾರುವಾಕ್ಕು, ಗೋಡೆಗಳು ತೂಗುಗುಂಡು ಬಿಟ್ಟಷ್ಟು ನೆಟ್ಟಗೆ, ತಳ ನುಣ್ಣಗೆ ಕೆರೆದದ್ದು. ಅಂಥ ಗುಂಡಿ ತೋಡುವ ಕೈ ಸುತ್ತ ಹತ್ತೂರಿನಲ್ಲಿ ಇದ್ದದ್ದು ಒಂದೇ.