ನೀರಿನವನು ಕೊಂಡೊಯ್ದ ಕೂಗು

ಬಹಳ ಹಿಂದಿನ ಮಾತು. ದಾರಿಗಳೆಲ್ಲ ನೀರೇ ಆಗಿದ್ದ ಒಂದು ರಾಜ್ಯವಿತ್ತು. ಬ್ಲೋತಾ ಎಂದು ಅದರ ಹೆಸರು. ಅಲ್ಲಿ ಮುನ್ನೂರು ಕಾಲುವೆಗಳು ಹರಿಯುತ್ತಿದ್ದವು. ಹಾಲಿನವಳು ದೋಣಿಯಲ್ಲಿ ಬರುತ್ತಿದ್ದಳು, ಮದುವೆ ದಿಬ್ಬಣ ದೋಣಿಯಲ್ಲಿ ಹೋಗುತ್ತಿತ್ತು, ಹಸುವನ್ನು ಮೇಯಲು ಬಿಡಬೇಕಾದರೂ ದೋಣಿ ಹತ್ತಿಸಬೇಕಾಗುತ್ತಿತ್ತು. ಆ ರಾಜ್ಯದ ಒಂದು ಹಳ್ಳಿಯಲ್ಲಿ ಮಾದ್ಲೆನಾ ಎಂಬ ವಿಧವೆ ತನ್ನ ಮಗಳು ವೋರ್ಶಾಳ ಜೊತೆ ಇದ್ದಳು. ಅಗಸೆ ಬೆಳೆದು, ಅದರ ನಾರಿನಿಂದ ನೂಲು ತೆಗೆದು, ಬಟ್ಟೆ ನೇಯುವುದು ಅವರ ಕೆಲಸ. ವೋರ್ಶಾಳಿಗೆ ಆಗ ಹತ್ತೊಂಬತ್ತು ವರ್ಷ.

ಆ ರಾಜ್ಯದ ಕೊಳವೊಂದರ ತಳದಲ್ಲಿ ಒಬ್ಬ ಮಾಂತ್ರಿಕನಿದ್ದ. ಜನ ಅವನನ್ನು ನೀರಿನವನು ಎನ್ನುತ್ತಿದ್ದರು. ಅವನು ಎಲ್ಲರಂತೆ ಹಸಿರು ಕೋಟು ತೊಟ್ಟು ಸಂತೆಗೆ ಬರುತ್ತಿದ್ದ. ಗುರುತು ಒಂದೇ. ಅವನ ಕೋಟಿನ ಎಡ ಅಂಚಿನಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ಅಂಚು ನೋಡಿ ಮಾತಾಡು ಎಂದು ಅಲ್ಲಿನ ತಾಯಂದಿರು ಮಕ್ಕಳಿಗೆ ಹೇಳಿಕೊಡುತ್ತಿದ್ದರು.

ಆದರೆ ವೋರ್ಶಾ ಮೊದಲ ಸಲ ಒಬ್ಬಳೇ ಸಂತೆಗೆ ಹೋದ ದಿನ ಜೋರು ಮಳೆ. ಎಲ್ಲರ ಅಂಚೂ ತೊಟ್ಟಿಕ್ಕುತ್ತಿತ್ತು.

ಹಸಿರು ಕೋಟಿನವನೊಬ್ಬ ಅವಳ ಬಟ್ಟೆಯನ್ನು ಬೆರಳಲ್ಲಿ ಸವರಿ ನೋಡಿದ. "ಒಳ್ಳೆ ನೇಯ್ಗೆ. ಒಂದು ಮೂಟೆ ಉಪ್ಪು ಕೊಡುತ್ತೇನೆ. ಜೊತೆಗೆ ಒಂದು ಸಣ್ಣ ವಸ್ತು ನನಗಿರಲಿ."

"ಏನದು?"

"ನೀನು ಮನೆ ಮುಟ್ಟಿದಾಗ ನಿನ್ನ ತಾಯಿ ಕೂಗುವ ಮೊದಲ ಮಾತು."

ವೋರ್ಶಾಳಿಗೆ ನಗು ಬಂತು. ಅಮ್ಮ ಬಾಗಿಲಿಗೆ ಬಂದರೆ ಮೊದಲು ಬೈಯುವುದು ಬಾತುಕೋಳಿಗಳನ್ನು. ಒಂದು ಬೈಗುಳಕ್ಕೆ ಚಳಿಗಾಲಕ್ಕೆಲ್ಲ ಸಾಕಾಗುವ ಉಪ್ಪು! "ಆಗಲಿ, ತೊಗೊಳ್ಳಿ" ಎಂದಳು.

ಮಳೆಯಿಂದ ತಡವಾಯಿತು. ಮಗಳು ಬರಲಿಲ್ಲವಲ್ಲ ಎಂದು ಮಾದ್ಲೆನಾ ದಂಡೆಗೇ ಬಂದು ನಿಂತಿದ್ದಳು. ದೋಣಿ ಕಂಡಿದ್ದೇ ಬಾಯಿ ತೆರೆದು ಮಗಳ ಹೆಸರು ಹಿಡಿದು ಕೂಗಿದಳು. ಕೂಗು ಅರ್ಧ ದಾರಿ ಬಂದು, ನೂಲು ಹರಿದಂತೆ ನಿಂತುಹೋಯಿತು. ತಾಯಿ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿದಳು. ತಾನು ಮಳೆಯಲ್ಲಿ ಯಾಕೆ ನಿಂತಿದ್ದೇನೆ ಎಂಬಂತೆ ಸುತ್ತ ನೋಡಿದಳು.

"ಯಾರಮ್ಮ ನೀನು?" ಎಂದು ಕೇಳಿದಳು. "ಯಾರ ಮನೆಗೆ ಬಂದೆ?"

"ಅಮ್ಮಾ, ನಾನು..." ಎಂದಳು ಹುಡುಗಿ. ಮುಂದಿನ ಮಾತು ಬರಲಿಲ್ಲ. ನಾಲಗೆಯ ಮೇಲೆ ಹುಡುಕಿದಳು, ಎದೆಯಲ್ಲಿ ಹುಡುಕಿದಳು, ಎಲ್ಲೂ ಇಲ್ಲ. ನಾವು ಅವಳನ್ನು ವೋರ್ಶಾ ಎಂದೇ ಕರೆಯೋಣ. ಅವಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಮಾದ್ಲೆನಾ ಒಳ್ಳೆಯ ಹೆಂಗಸು. ನೆನೆದ ಹುಡುಗಿಯನ್ನು ಒಳಗೆ ಕರೆದು, ಬಂದವರಿಗೆಂದು ತೆಗೆದಿಟ್ಟ ಬಟ್ಟಲಲ್ಲಿ ಬಿಸಿ ಸಾರು ಕೊಟ್ಟಳು. ಮೂಲೆಯ ಮಗ್ಗದಲ್ಲಿ ಅರ್ಧ ನೇಯ್ದ ಬಟ್ಟೆಯಿತ್ತು. "ಇದನ್ನು ಯಾರು ನೇಯ್ದದ್ದೋ ನನಗೇ ನೆನಪಾಗುತ್ತಿಲ್ಲ" ಎಂದು ಹಣೆ ಉಜ್ಜಿಕೊಂಡಳು. ವೋರ್ಶಾ ತನ್ನ ಕೈಗಳನ್ನು ನೋಡಿಕೊಂಡಳು. ನಾನು ಎಂದುಕೊಂಡಳು. ಆಮೇಲೆ, ನಾನಾ? ಎಂದೂ ಎನಿಸಿತು. ಆ ಹೆಂಗಸಿಗೆ ಮಗಳೇ ಇಲ್ಲವೆಂದ ಮೇಲೆ ತಾನು ಯಾರ ಮಗಳು? ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಲು ಜಾಗ ಸಿಕ್ಕಿತು.

ಬೆಳಕು ಹರಿಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಅವನ ಎತ್ತರ ಅವಳ ಮೊಣಕಾಲಷ್ಟು. ಮಣ್ಣುದಿಬ್ಬಗಳ ಒಳಗೆ ಬಾಳುವ ಲುಟ್ಕಿಗಳು ಎಂಬ ಪುಟ್ಟ ಜನರಲ್ಲಿ ಅವನೊಬ್ಬ. ಲುಟ್ಕಿಗಳು ಎಲ್ಲವನ್ನೂ ತಿರುಗುಮುರುಗಾಗಿ ಹೇಳುತ್ತಾರೆ. ಹೌದಿದ್ದರೆ ಇಲ್ಲ ಎನ್ನುತ್ತಾರೆ, ಬೇಕಿದ್ದರೆ ಬೇಡ ಎನ್ನುತ್ತಾರೆ.

"ಹಿಟ್ಟು ನಾದುವ ಮರಿಗೆ ನನಗೆ ಬೇಡ" ಎಂದ ಮುದುಕ. ಅವಳ ಮುಖ ನೋಡಿ, "ನಿನ್ನ ಗುರುತು ನನಗಿಲ್ಲ. ವಾರವಾರವೂ ಮರಿಗೆ ಕೊಡುವವಳು ನೀನಲ್ಲ" ಎಂದ.

ಇವನಿಗೂ ನಾನು ಗೊತ್ತಿಲ್ಲ ಎಂದು ವೋರ್ಶಾಳ ಕಣ್ಣು ತುಂಬಿತು. ಮುದುಕ ಕಾಲು ನೆಲಕ್ಕೆ ಅಪ್ಪಳಿಸಿದ. "ಗೊತ್ತಿಲ್ಲ, ಗೊತ್ತಿಲ್ಲ, ಸ್ವಲ್ಪವೂ ಗೊತ್ತಿಲ್ಲ!"

ಆಗ ಅವಳಿಗೆ ಹೊಳೆಯಿತು. "ತಾತಾ, ನಿಮಗೆ ನಾನು ಗೊತ್ತು!"

"ಇಲ್ಲ" ಎಂದು ಅವನು ಸಂತೋಷದಿಂದ ತಲೆಯಾಡಿಸಿದ. "ನಿನ್ನ ಹೆಸರಂತೂ ಚೆನ್ನಾಗಿ ಗೊತ್ತು."

ಅಂದರೆ ಹೆಸರು ಅವನಿಗೂ ಮರೆತಿತ್ತು. ಆದರೆ ದಾರಿ ಹೇಳಿದ. "ನಿನ್ನ ತಾಯಿಯ ಕೂಗು ನೀರಿನವನ ಹತ್ತಿರ ಇಲ್ಲ. ಅದನ್ನು ಅವನು ಬೋರಲು ಮಡಕೆಯ ಕೆಳಗೆ ಮುಚ್ಚಿಟ್ಟಿಲ್ಲ. ನಿಧಾನವಾಗಿ ಹೋಗು, ಸೂರ್ಯ ಮುಳುಗಿದ ಮೇಲೂ ಅದು ನಿನಗೆ ಸಿಗುತ್ತದೆ. ಜೌಗಿನಲ್ಲಿ ದೀಪಗಳು ಕರೆದರೆ ತಪ್ಪದೆ ಅವುಗಳ ಹಿಂದೆ ಹೋಗು. ಹೊಲದಲ್ಲಿ ನಡುಹಗಲಮ್ಮ ಪ್ರಶ್ನೆ ಕೇಳಿದರೆ ಬಾಯಿ ಬಿಡಬೇಡ."

ವೋರ್ಶಾ ಒಂದೊಂದು ಮಾತನ್ನೂ ಕಾಲುಚೀಲದಂತೆ ಒಳಹೊರಗು ಮಾಡಿ ನೋಡಿದಳು. ಕೊಟ್ಟಿಗೆಯಲ್ಲಿದ್ದ ಮರಿಗೆಯನ್ನು ಅವನಿಗೆ ಕೊಟ್ಟು, ದೋಣಿ ನೂಕುವ ಗಳವನ್ನು ಹೆಗಲಿಗೇರಿಸಿ ಹೊರಟಳು.

ಜೌಗಿನಲ್ಲಿ ಮಂಜು ಕವಿದಿತ್ತು. ಅದರೊಳಗೆ ಸಣ್ಣ ಸಣ್ಣ ದೀಪಗಳು ತೇಲಿ ಬಂದವು.

"ಇತ್ತ ಬಾ, ನೀನು ಮಾರ್ಯಾ" ಎಂದಿತು ಒಂದು.

"ಅಲ್ಲ, ನೀನು ಲೆನ್ಕಾ. ನಿನ್ನ ತಂಗಿ ಅಳುತ್ತಿದ್ದಾಳೆ" ಎಂದಿತು ಎರಡನೆಯದು.

ಮೂರನೆಯದು ಮೆತ್ತಗೆ ಹೇಳಿತು, "ನೀನು ಹಾಂಕಾ. ನಿನಗೆ ಗಂಡನಿದ್ದಾನೆ, ಬೆಚ್ಚಗಿನ ಮನೆಯಿದೆ. ಅಗೋ, ಊಟಕ್ಕೆ ಕಾಯುತ್ತಿದ್ದಾರೆ."

ಹೆಸರಿಲ್ಲದವಳಿಗೆ ಯಾವ ಹೆಸರಾದರೂ ಆದೀತು ಎನಿಸುತ್ತದೆ. ಹಾಂಕಾ ಆಗಿದ್ದರೆ ಆಗಲಿ ಎಂದು ವೋರ್ಶಾ ಒಂದು ಹೆಜ್ಜೆ ಇಟ್ಟಳು. ಕೆಸರು ಮೊಣಕಾಲಿನವರೆಗೆ ನುಂಗಿತು. ಗಳವನ್ನು ಅಡ್ಡ ಹಾಕಿ, ಅದರ ಮೇಲೆ ಭಾರ ಬಿಟ್ಟು ಹೇಗೋ ಹೊರಬಂದಳು. ಯಾವ ದೀಪ ಸುಳ್ಳು, ಯಾವುದು ನಿಜ ಎಂದು ತೀರ್ಮಾನಿಸಲು ಅವಳಿಂದ ಆಗಲಿಲ್ಲ. ಹಾಗಾಗಿ ಕಣ್ಣನ್ನೇ ಮುಚ್ಚಿಬಿಟ್ಟಳು. ತಲೆಗೆ ಮರೆತದ್ದು ಕೈಗೆ ಮರೆತಿರಲಿಲ್ಲ. ಗಳದಿಂದ ಗಟ್ಟಿ ನೆಲ ಮುಟ್ಟಿ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಜೌಗು ದಾಟಿದಳು. ದೀಪಗಳು ಹಿಂದಿನಿಂದ ಇನ್ನೂ ಹೆಸರು ಹೇಳುತ್ತಲೇ ಇದ್ದವು.

ಜೌಗಿನಾಚೆ ಅಗಸೆಯ ಹೊಲ. ಹೊತ್ತು ಸರಿಯಾಗಿ ನೆತ್ತಿಗೆ ಬಂದಿತ್ತು. ದೂರದ ಗೋಪುರದ ಗಂಟೆ ಹನ್ನೆರಡು ಹೊಡೆಯಿತು. ನೀಲಿ ಹೂಗಳ ನಡುವೆ, ಬಿಳಿ ಬಟ್ಟೆಯುಟ್ಟ ಎತ್ತರದ ಹೆಂಗಸೊಬ್ಬಳು ಕುಡುಗೋಲು ಹಿಡಿದು ನಿಂತಿದ್ದಳು. ಅವಳಿಗೆ ನೆರಳಿರಲಿಲ್ಲ.

"ಅಗಸೆಯ ಕತೆ ಹೇಳು" ಎಂದಳು ನಡುಹಗಲಮ್ಮ. "ಗಂಟೆ ಒಂದು ಹೊಡೆಯುವವರೆಗೆ ಹೇಳು. ಮಾತು ನಿಂತರೆ ನಿನ್ನ ತಲೆ ನನ್ನದು."

ವೋರ್ಶಾ ಹೇಳತೊಡಗಿದಳು. ಬೀಜ ಬಿತ್ತುವುದು, ಬರಿಗಾಲಲ್ಲಿ ನಡೆದು ಕಳೆ ಕೀಳುವುದು, ಹೂ ಬಿಡುವುದು, ಕುಯ್ಯದೆ ಬೇರುಸಹಿತ ಕೀಳುವುದು. ಕಾಯಿ ಉದುರಿಸುವುದು, ಕಾಂಡವನ್ನು ನೀರಲ್ಲಿ ಕೊಳೆಹಾಕುವುದು, ಒಣಗಿಸುವುದು, ಜಜ್ಜುವುದು, ಕೂದಲಿನ ಹಾಗೆ ಬಾಚುವುದು. ನೂಲುವುದು, ನೇಯುವುದು, ಹುಲ್ಲಿನ ಮೇಲೆ ಹಾಸಿ ಬಿಸಿಲಲ್ಲಿ ಬಿಳುಪಾಗಿಸುವುದು. ಎಷ್ಟು ನಿಧಾನವಾಗಿ ಹೇಳಿದರೂ ಬಟ್ಟೆ ಅಂಗಿಯಾಯಿತು, ಕತೆ ಮುಗಿಯಿತು. ಗಂಟೆ ಹೊಡೆಯಲಿಲ್ಲ.

"ಆಮೇಲೆ?" ಎಂದಳು ನಡುಹಗಲಮ್ಮ. ಕುಡುಗೋಲು ಮೇಲೆದ್ದಿತು.

"ಆಮೇಲೆ..." ಎಂದು ತೊದಲಿದಳು ವೋರ್ಶಾ. "ಆಮೇಲೆ ಅದನ್ನು ಯಾರಾದರೂ ತೊಟ್ಟುಕೊಳ್ಳುತ್ತಾರೆ."

"ಯಾರು?"

ಯಾರು? ಅವಳಿಗೆ ತಿಳಿದಿರಲಿಲ್ಲ. ತಿಳಿಯದೆಯೇ ಬಾಯಿ ತೆರೆದಳು. "ಒಬ್ಬ ಗಂಡಸು. ಜ್ವರ ಬಂದು ಮಲಗಿದ್ದ. ಅವನಿಗೆ ಅಂಗಿ ಹೊಲಿಯುತ್ತಿದ್ದರು. ಕುತ್ತಿಗೆಪಟ್ಟಿ ನಾನು ಹೊಲಿದೆ, ಅಂಕುಡೊಂಕಾಗಿ. ನಾನಿನ್ನೂ ಚಿಕ್ಕವಳು. ಒಬ್ಬಳು ಹೆಂಗಸು ನೂಲನ್ನು ಹಲ್ಲಲ್ಲಿ ಕಡಿದು, ಬಿಚ್ಚಬೇಡ, ಹಾಗೇ ಇರಲಿ, ಅವರಿಗೆ ಇದೇ ಚಂದ ಎಂದಳು. ಅದೇ ಅಂಗಿಯಲ್ಲಿ ಅವನನ್ನು ಮಣ್ಣು ಮಾಡಿದರು. ಅವನು... ಅವರು ನನ್ನಪ್ಪ."

ಅವಳಿಗೆ ಅಳು ಬಂತು. ಆದರೂ ಮಾತು ನಿಲ್ಲಿಸಲಿಲ್ಲ. ಅಪ್ಪ ಸತ್ತ ಮೇಲೆ ಅಮ್ಮ ಒಂದು ಚಳಿಗಾಲವಿಡೀ ಮಗ್ಗ ಮುಟ್ಟದೆ ಕುಳಿತದ್ದು, ತಾನೇ ಹೋಗಿ ಲಾಳಿ ಎಸೆದದ್ದು, ತಪ್ಪು ನೇಯ್ಗೆ ನೋಡಲಾರದೆ ಅಮ್ಮ ಎದ್ದು ಬಂದದ್ದು, ಎಲ್ಲವೂ ಒಂದರ ಹಿಂದೊಂದು ಬಂದವು. ಗಂಟೆ ಒಂದು ಹೊಡೆದದ್ದು ಅವಳಿಗೆ ಕೇಳಿಸಲೇ ಇಲ್ಲ. ನಡುಹಗಲಮ್ಮ ಕುಡುಗೋಲು ಕೆಳಗಿಟ್ಟು, ಕೊನೆಯವರೆಗೂ ಕೇಳಿದಳು.

"ಎಲ್ಲರೂ ಬಟ್ಟೆಯವರೆಗೆ ಹೇಳಿ ನಿಲ್ಲಿಸುತ್ತಿದ್ದರು" ಎಂದಳು. "ಕೊಳ ಆ ಮರದ ಹಿಂದಿದೆ. ಹೋಗು ಮಗಳೇ."

ವೋರ್ಶಾ ಉಸಿರು ಬಿಗಿಹಿಡಿದು ಕೊಳಕ್ಕೆ ಇಳಿದಳು. ತಳದಲ್ಲಿ ಹಸಿರು ಗಾಜಿನ ಮನೆಯಿತ್ತು. ಅದರೊಳಗೆ ನೀರಿರಲಿಲ್ಲ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ನೂರಾರು ಬೋರಲು ಮಡಕೆಗಳು. ನೀರಿನವನು ಮೇಜಿನ ಮುಂದೆ ಒಬ್ಬನೇ ಕುಳಿತಿದ್ದ.

"ಬಂದೆಯಾ" ಎಂದ. "ಒಂದು ಮಡಕೆ ಎತ್ತು. ನಿನ್ನದಾದರೆ ಕೊಂಡು ಹೋಗು. ಬೇರೆಯದಾದರೆ ಇಲ್ಲೇ ಉಳಿದು ನನಗೆ ನೇಯ್ದುಕೊಡು."

ಅವಳು ಹತ್ತಿರ ಹೋದಳು. ಪ್ರತಿ ಮಡಕೆಯೊಳಗೂ ಒಬ್ಬ ತಾಯಿ ಕೂಗುತ್ತಿದ್ದಳು. ಮಣ್ಣಿನ ಗೋಡೆಯೊಳಗೆ ಎಲ್ಲ ಕೂಗೂ ಒಂದೇ ರೀತಿ ಗುಂಯ್‌ಗುಟ್ಟುತ್ತಿತ್ತು. ಇದು ಎಂದುಕೊಂಡು ಕೈ ಚಾಚುವಳು, ಪಕ್ಕದ್ದು ಕೇಳಿ ಹಿಂದೆಗೆಯುವಳು. ಮೇಲೆ ನೀರಿನ ಬಣ್ಣ ಹಳದಿಗೆ ತಿರುಗತೊಡಗಿತ್ತು. ಹೊತ್ತು ಇಳಿಯುತ್ತಿತ್ತು.

"ಇಷ್ಟೊಂದು ಯಾಕೆ ಕೂಡಿಟ್ಟಿದ್ದೀರಿ?" ಎಂದು ಕೇಳಿದಳು.

ನೀರಿನವನು ಎದ್ದು ಬಂದು ಒಂದು ಮಡಕೆಯನ್ನು ಸವರಿದ. "ನನ್ನನ್ನೂ ಯಾರೋ ಕೂಗುತ್ತಿದ್ದರು. ಏನೆಂದು ಕೂಗುತ್ತಿದ್ದರು ಎಂಬುದು ಹೋಯಿತು. ಇವುಗಳಲ್ಲಿ ಒಂದಾದರೂ ನನ್ನದಿರಬಹುದು ಎಂದು ತಂದು ತಂದು ಕೇಳುತ್ತೇನೆ."

"ನಿಮ್ಮದಲ್ಲ ಎಂದು ಗೊತ್ತಾದ ಮೇಲೆ ಬಿಟ್ಟುಬಿಡಬಹುದಿತ್ತಲ್ಲ?"

"ಬಿಟ್ಟರೆ ಮನೆ ಸದ್ದಿಲ್ಲದಂತಾಗುತ್ತದೆ."

ವೋರ್ಶಾಳಿಗೆ ಅವನ ಮೇಲೆ ಕನಿಕರವೋ ಸಿಟ್ಟೋ, ಯಾವುದೆಂದು ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ತನ್ನದನ್ನು ಆರಿಸಿದರೂ ಉಳಿದವು ಇಲ್ಲೇ ಕೂಗುತ್ತಿರುತ್ತವೆ. ಅವಳು ಮಡಕೆ ಆರಿಸಲಿಲ್ಲ. ಗಳವನ್ನು ಹಲಗೆಯ ಹಿಂದೆ ಸಿಕ್ಕಿಸಿ, ಮೈಯ ಬಲವನ್ನೆಲ್ಲ ಹಾಕಿ ಮೀಟಿದಳು.

ಹಲಗೆ ಕಳಚಿತು, ಅದು ಬಿದ್ದು ಕೆಳಗಿನದು ಕಳಚಿತು, ಮಡಕೆಗಳು ನೆಲಕ್ಕೆ ಬಿದ್ದು ಒಡೆದವು. ನೀರಿನವನು ಚೀರಿ ಕೈಯೆತ್ತಿದ. ಗಾಜು ಒಡೆದು ಕೊಳದ ನೀರೆಲ್ಲ ಒಳನುಗ್ಗಿತು. ಆ ನೂರಾರು ಕೂಗುಗಳ ನಡುವೆ ಒಂದು, ಅರ್ಧ ಸಿಟ್ಟು ಅರ್ಧ ಗಾಬರಿಯ ಒಂದು ದನಿ ಅವಳ ಕಿವಿಗೆ ಬಿತ್ತು. ಅದನ್ನು ಗುರುತಿಸಲು ಅವಳು ಯೋಚಿಸಬೇಕಾಗಲಿಲ್ಲ. ವೋರ್ಶಾ! ಆ ದನಿಯನ್ನೇ ಹಿಡಿದು ಅವಳು ನೀರಿನ ಮೇಲೆ ಬಂದಳು.

ಕೂಗುಗಳು ರಾಜ್ಯದ ಮೇಲೆಲ್ಲ ಹರಡಿ ತಮ್ಮ ತಮ್ಮವರನ್ನು ಹುಡುಕಿದವು. ಗಿರಣಿಯಲ್ಲಿ ಇಪ್ಪತ್ತು ವರ್ಷದಿಂದ ಆಳಾಗಿ ದುಡಿಯುತ್ತಿದ್ದ ಹೆಸರಿಲ್ಲದ ಹೆಂಗಸೊಬ್ಬಳು ಹಠಾತ್ತನೆ ಬಕೆಟ್ಟು ಕೆಳಗಿಟ್ಟಳು. ಅವಳನ್ನು ಕೂಗಿದ ತಾಯಿ ಸತ್ತು ಬಹಳ ಕಾಲವಾಗಿತ್ತು. "ಬಂದೆ" ಎಂದಳು ಅವಳು ಗಾಳಿಗೆ. ಮರುಗಳಿಗೆ ಗಿರಣಿಯ ಯಜಮಾನ ಹೊರಗೋಡಿ ಬಂದು, "ಹಾಂಜಕ್ಕಾ!" ಎಂದು ಅವಳ ಕೈ ಹಿಡಿದುಕೊಂಡ. ಅವಳು ಅವನ ಸ್ವಂತ ಅಕ್ಕ.

ಕೂಗುಗಳೆಲ್ಲ ಹೋದ ಮೇಲೆ ನೀರಿನವನ ಮಾಯೆಯೂ ಹೋಯಿತು. ಕೊಳದ ದಂಡೆಯಲ್ಲಿ ಒಬ್ಬ ಬಡಕಲು ಮುದುಕ ಕುಳಿತಿದ್ದ, ಕೋಟಿನ ಅಂಚು ಒಣಗಿತ್ತು. ಜನ ಅವನನ್ನು ಏನು ಮಾಡುವುದೆಂದು ತಿಳಿಯದೆ ನಿಂತರು. ಕೊನೆಗೆ ಹಾಂಜಾಳೇ ಮುಂದೆ ಬಂದು, "ನಿನಗೆ ಯುರಿ ಎಂದು ಹೆಸರಿಡುತ್ತೇನೆ. ಎದ್ದು ಬಾ ಯುರಿ, ಗಿರಣಿಯಲ್ಲಿ ಕೆಲಸವಿದೆ" ಎಂದಳು. ಅವನು ಎರಡು ಸಲ ಕರೆಸಿಕೊಂಡು, ಮೂರನೆಯ ಸಲಕ್ಕೆ ಎದ್ದ.

ಅಲ್ಲಿಂದಾಚೆ ಬ್ಲೋತಾದಲ್ಲಿ ಕರೆದವರಿಗೆ ಓಗೊಡುವವರಿದ್ದರು, ಓಗೊಟ್ಟವರಿಗೆ ಊಟವಿತ್ತು. ಎಲ್ಲರೂ ಸುಖವಾಗಿದ್ದರು. ಆದರೆ ಅದೆಲ್ಲ ಆಮೇಲಿನ ಮಾತು. ಅಂದಿನ ಸಂಜೆ, ಸೂರ್ಯ ಇನ್ನೂ ಬೆರಳಷ್ಟು ಮೇಲಿರುವಾಗ, ವೋರ್ಶಾ ಮನೆ ಮುಟ್ಟಿದಳು. ಮಾದ್ಲೆನಾ ದಂಡೆಯಲ್ಲಿ ನಿಂತಿದ್ದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು.

"ಎಷ್ಟು ಹೊತ್ತಿನಿಂದ ಕರೆಯುತ್ತಿದ್ದೇನೆ, ಕೇಳಿಸಲಿಲ್ಲವೇನೇ?"

"ಕೇಳಿಸಿತಮ್ಮ" ಎಂದಳು ವೋರ್ಶಾ. "ಅದಕ್ಕೇ ಬಂದೆ."