ಶಂಕರೆಪ್ಪಜ್ಜ ಸೋತ ಪುಟ

"ನಮ್ಮಜ್ಜನ್ನ ಸೋಲಿಸಿದಾಕಿ ನೀವ ಏನ್ರಿ?"

ಶಿವಲಿಂಗನ ಮಾತಿಗೆ ನಿರ್ಮಲಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು.

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶಕ್ಕೆ ಬರೆಯುವವರೆಲ್ಲ ಅಂದು ವಿಜಯಪುರದ ಒಂದು ಕಾಲೇಜಿನಲ್ಲಿ ಸೇರಿದ್ದರು. ಬೆಳಗಿನಿಂದ ಪಕ್ಕದಲ್ಲೇ ಕೂತು, ಮಂಡಕ್ಕಿಯ ಗಿರ್ಮಿಟ್ ಹಂಚಿಕೊಂಡು, ನಗಿಸಿ ನಗಿಸಿ ಅವಳ ಮನಸ್ಸು ಕದ್ದಿದ್ದ ಹುಡುಗ ಇವನೇ! ಪರದೆಯ ಮೇಲೆ ಅವಳ ಖಾತೆಯ ಹೆಸರು ಕಂಡಿದ್ದೇ ತಡ, ಮುಖ ಬಿಗಿದುಕೊಂಡಿದ್ದ.

ತಿಕೋಟಾದ ನಿರ್ಮಲಾಳಿಗೆ ತೀರಿಹೋದ ಅಜ್ಜ ಮಾಳು ಪೈಲ್ವಾನನೆಂದರೆ ಪ್ರಾಣ. ಅಜ್ಜನ ಬಗ್ಗೆ ಪುಟ ಬರೆದು, 'ಬಬಲೇಶ್ವರದ ಶಂಕರೆಪ್ಪನನ್ನು ಹೀನಾಯವಾಗಿ ಸೋಲಿಸಿದರು' ಎಂದು ಸೇರಿಸಿದ್ದಳು. ಅದಕ್ಕೊಂದು ಹಳೆಯ ಪತ್ರಿಕೆಯ ಆಧಾರವೂ ಇತ್ತು. ಆದರೆ 'ಹೀನಾಯವಾಗಿ' ಅದರಲ್ಲಿರಲಿಲ್ಲ. ಆ ಪದ ಅವಳದೇ!

'ಕುಸ್ತಿ ಸಮವಾಯಿತು' ಎಂದು ಯಾರೋ ಇನ್ನೊಂದು ಪತ್ರಿಕೆಯ ಆಧಾರ ಕೊಟ್ಟು ತಿದ್ದಿದಾಗಲೆಲ್ಲ ಅಳಿಸಿದಳು. ಕೊನೆಗೆ ದೂರು ಕೊಟ್ಟು ಆ ಖಾತೆಯನ್ನೇ ಬಂದ್ ಮಾಡಿಸಿದಳು. ತಾನು ಮೊಮ್ಮಗಳೆಂದು ಮಾತ್ರ ಎಲ್ಲೂ ಹೇಳಲಿಲ್ಲ.

ಆ ಯಾರೋ... ಈ ಶಿವಲಿಂಗ.

"ಅಜ್ಜ ಇನ್ನೂ ಅದಾನ್ರಿ," ಎಂದ ಅವನು. "ಹೋಟೆಲ್ ಕಟ್ಟಿ ಮ್ಯಾಲ ಮಂದಿ ಮೊಬೈಲ್ ಹಿಡಕೊಂಡು, ಅದನ್ನ ಓದಿ ಓದಿ ನಗಾಕತ್ತಾರ. ಅಂವಾ ಮನಿ ಬಿಟ್ಟು ಹೊರಗ ಬರೂದ ಬಿಟ್ಟಾನ."

ಉತ್ತರಕ್ಕೂ ಕಾಯದೆ ಹೊರಟುಹೋದ.

ತಿಕೋಟಾದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಹೊರಗೇನೂ ಕಾಣಲಿಲ್ಲ. 'ನನ್ನ ಅಜ್ಜನನ್ನು ದೊಡ್ಡವನು ಮಾಡಲು ಇನ್ನೊಬ್ಬರ ಅಜ್ಜನನ್ನು ಮನೆಯಲ್ಲಿ ಕೂರಿಸಿದೆನಲ್ಲಾ... ಛೀ!'

ಮನೆ ತಲುಪಿದ್ದೇ ದೂರು ಹಿಂದಕ್ಕೆ ಪಡೆದಳು. ಅವನ ಖಾತೆ ಬಿಡುಗಡೆಯಾಯಿತು. ಅಷ್ಟಕ್ಕೇ ಸಮಾಧಾನವಾಗದೆ, 'ಶಂಕರೆಪ್ಪನವರೇ ಗೆದ್ದರು' ಎಂದು ಬರೆದುಬಿಟ್ಟಳು. ಪಾಪಪ್ರಜ್ಞೆಗೆ ಬುದ್ಧಿ ಎಲ್ಲಿರುತ್ತದೆ ಹೇಳಿ!

ಮರುದಿನ ನೋಡಿದರೆ ಆ ಸಾಲೇ ಇಲ್ಲ. ತೆಗೆದವನು ಶಿವಲಿಂಗ!

'ನನ್ನ ಕ್ಷಮೆಯೂ ಬೇಡವಾಯಿತೇ ಇವನಿಗೆ?' ಅಳುತ್ತಲೇ ಬಬಲೇಶ್ವರದ ಬಸ್ ಹತ್ತಿದಳು.

ಶಂಕರೆಪ್ಪನ ಮನೆ ಹುಡುಕಿಕೊಂಡು ಹೋಗಿ, ಬಾಗಿಲಲ್ಲೇ ಸಿಕ್ಕ ಅವನನ್ನು ಕೇಳಿದಳು.

"ನಿಮ್ಮಜ್ಜಗ ಗೆಲುವು ಕೊಟ್ಟಿದ್ನೆಲ್ರಿ... ಅದನ್ನೂ ಯಾಕ ತೆಗೆದ್ರಿ?"

"ಮೊದಲ ಅಭಿಮಾನಕ್ಕ ಬರೆದ್ರಿ, ಈಗ ಮರುಕಕ್ಕ ಬರೆದೀರಿ. ಎರಡೂ ಒಂದ ಕಡಿ ವಾಲಿದ್ದ ಅಲ್ಲೇನ್ರಿ?" ಅವನ ದನಿ ಮೆತ್ತಗಾಗಿತ್ತು. "ಒಂದು ಪತ್ರಿಕೆ ಹಂಗ ಅಂತೈತಿ, ಒಂದು ಹಿಂಗ ಅಂತೈತಿ. ಎರಡೂ ಬರಿಯೂಣು. ಯಾವುದು ಖರೇ ಅಂತ ಓದಾವ್ರು ನೋಡ್ಕೊಳ್ಳಿ."

ತಾನು ಮಾಳು ಪೈಲ್ವಾನನ ಮೊಮ್ಮಗಳೆಂದು ಅವಳು ಮೊದಲು ಎಲ್ಲರಿಗೂ ಕಾಣುವಂತೆ ಬರೆದಳು. ಆಮೇಲೆ ಇಬ್ಬರೂ ಕೂತು, ಎರಡೂ ಪತ್ರಿಕೆಗಳ ಮಾತು ಸೇರಿಸಿ ಸಾಲು ಬರೆದರು. ಒಳಗೆ ಹೋಗಿ, ಮಂಚದ ಮೇಲಿದ್ದ ಶಂಕರೆಪ್ಪಜ್ಜನ ಕಾಲು ಮುಟ್ಟಿ, ಅದನ್ನು ಓದಿ ಹೇಳಿದಳು.

"ತಪ್ಪಾತು ಯಜ್ಜಾ..."

ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟ.

"ನನಗ ಸಮ ಆದಂಗ ನೆನಪು. ನಿಮ್ಮಜ್ಜಗ ಗೆದ್ದಂಗ ನೆನಪಿದ್ದೀತು. ಇರ್ಲಿ ಬಿಡ ಬೇ, ಛಲೋ ಆಡ್ತಿದ್ದ ಅಂವಾ." ಮೆಲ್ಲಗೆ ಎದ್ದು ರುಮಾಲು ಸುತ್ತಿಕೊಂಡ. "ಶಿವ್ಯಾ, ನಾ ಹೋಟೆಲ್‌ಗೆ ಹೋಗಿ ಬರ್ತೀನಿ."

ನಿರ್ಮಲಾಳ ಕಣ್ಣೀರು ಕಟ್ಟೆಯೊಡೆಯಿತು!

"ಅಳಬ್ಯಾಡ್ರಿ," ಎಂದ ಶಿವಲಿಂಗ. "ಒಂದ ಮಾತು ಕೇಳ್ಲಿ? ಈ ಮನಿಗೆ... ಕಾಯಂ ಬರ್ತೀರೇನು?"

"ಅಜ್ಜನ್ನ ಇಷ್ಟು ನೋಯಿಸಿದಾಕಿನ್ನ ಹೆಂಗ ಕರೀತೀರಿ?"

"ನೋಯಿಸಿದ್ದೂ ಖರೇ. ಅಳಕೋತ ಇಲ್ಲೀತನಾ ಬಂದದ್ದೂ ಖರೇ. ನಿಮ್ಮ ಬಗ್ಗೆ ಒಂದನ್ನ ಬಿಟ್ಟು ಇನ್ನೊಂದು ಹೇಳಾಕ ನನಗ ಬರಂಗಿಲ್ರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾರ ತಿಕೋಟಾಕ್ಕ ಬಂದು ನಮ್ಮಪ್ಪನ್ನ ಕೇಳ್ರಿ."

"ಯಾವಾಗ ಬರ್ಲಿ?"

"ನೀವೊಬ್ರ ಬರಬ್ಯಾಡ್ರಿ... ಅಜ್ಜನ್ನ ಮುಂದ ಮಾಡ್ಕೊಂಡು ಬರ್ರಿ."